ನಾಯಿ ನೆಲವನ್ನು ಕೆಡಿಸೀತೇ, ನೆಲ ನಾಯಿಯನ್ನು ಕೆಡಿಸೀತೇ?



ನಿವೃತ್ತನಾದ ಮೇಲೆ ನನ್ನಲ್ಲಿ ಪಾಠದ ಸಂದೇಹ ಕೇಳುವವರು ಕಡಿಮೆಯಾಗಿ, ಬದುಕಿನ ಸಂದೇಹ ಕೇಳುವವರು ಹೆಚ್ಚಾಗಿದ್ದಾರೆ. ಅದರಲ್ಲಿಯೂ ಮನೆ ಕಟ್ಟುವ, ಮನೆ ಕೊಳ್ಳುವ ವಯಸ್ಸಿಗೆ ಬಂದಿರುವ ಹಳೆಯ ವಿದ್ಯಾರ್ಥಿಗಳು ಕ್ಷೇಮಸಮಾಚಾರ ಮುಗಿದೊಡನೆ ಸಿಮೆಂಟು, ಮರ, ಬಣ್ಣಗಳ ಮಾತಿಗೆ ಇಳಿಯುತ್ತಾರೆ. ಈ ಒಂದು ವರ್ಷದೊಳಗೆ ಮೂವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಾತ ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯದೊಂದು ಮನೆಯನ್ನು ಕೊಂಡು, ಅದರ ಕಾರ್ಪೆಟ್ಟನ್ನು ಕಿತ್ತು ಹಾರ್ಡ್‌ವುಡ್ ನೆಲ ಹಾಕಿಸಲು ಹೊರಟಿದ್ದಾನೆ. ಇನ್ನೊಬ್ಬಾಕೆ ಬೆಂಗಳೂರಿನ ತನ್ನ ಫ್ಲಾಟಿನ ಮಲಗುವ ಕೋಣೆಗಳಿಗೆ ಮರದ ನೆಲಹಾಸು ಬೇಕೆನ್ನುತ್ತಾಳೆ. ಮೂರನೆಯವನು ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಮೂವರ ಮನೆಯಲ್ಲಿಯೂ ನಾಯಿಗಳಿವೆ. ಮೂವರ ಪ್ರಶ್ನೆಯೂ ಒಂದೇ: “ಮೇಷ್ಟ್ರೇ, ನಾಯಿಯ ಉಗುರಿಗೆ ಹಾಳಾಗದ ನೆಲ ಯಾವುದು?”

ಪ್ರಶ್ನೆ ಸಹಜವಾದುದೇ. ಸಾಲ ಮಾಡಿ ಹಾಕಿಸಿದ ನೆಲದ ಮೇಲೆ ಗೀರು ಬಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಈ ವಿಷಯವನ್ನು ಓದಿ, ನೋಡಿ, ಕೆಲವು ಬಡಗಿಗಳೊಡನೆಯೂ ಇಬ್ಬರು ಪಶುವೈದ್ಯರೊಡನೆಯೂ ಮಾತನಾಡಿದ ಮೇಲೆ ಪ್ರಶ್ನೆಯನ್ನೇ ತುಸು ತಿರುಗಿಸಿ ಕೇಳಬೇಕೆಂದು ನನಗೆ ತೋರಿದೆ. ನಾಯಿಯಿಂದ ನೆಲಕ್ಕೆ ಆಗುವ ಕೇಡು ಮೇಲುಮೇಲಿನದು, ಬಹುಮಟ್ಟಿಗೆ ಸರಿಪಡಿಸಬಹುದಾದದ್ದು. ನೆಲದಿಂದ ನಾಯಿಗೆ ಆಗುವ ಕೇಡು ಕೀಲಿಗೆ, ಮೂಳೆಗೆ ತಟ್ಟುವಂಥದು. ಅದನ್ನು ಹಿಂದಕ್ಕೆ ತಿರುಗಿಸಲಾಗದು. ಆದ್ದರಿಂದ ನೆಲವನ್ನು ಆರಿಸುವಾಗ “ಇದು ಗೀರು ತಾಳುತ್ತದೆಯೇ?” ಎಂಬುದಕ್ಕಿಂತ ಮೊದಲು “ಇದು ಜಾರುತ್ತದೆಯೇ?” ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಮೂವರಿಗೂ ಬೇರೆಬೇರೆಯಾಗಿ ಹೇಳುವ ಬದಲು, ಉಳಿದವರಿಗೂ ಉಪಯೋಗವಾಗಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಘರ್ಷಣೆಯ ಪಾಠ ನಿಮಗೆ ನೆನಪಿರಬಹುದು. ಘರ್ಷಣೆ ಮಿತ್ರನೂ ಹೌದು, ಶತ್ರುವೂ ಹೌದು ಎಂದು ಕಪ್ಪುಹಲಗೆಯ ಮೇಲೆ ಬರೆಸಿ, ಮಿತ್ರನ ಪಟ್ಟಿಗೆ ನಡಿಗೆಯನ್ನೂ ಶತ್ರುವಿನ ಪಟ್ಟಿಗೆ ಯಂತ್ರಗಳ ಸವೆತವನ್ನೂ ಸೇರಿಸುತ್ತಿದ್ದೆವು. ನಾವು ನಡೆಯುವುದೆಂದರೆ ಕಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತುವುದು. ನೆಲ ನಮ್ಮನ್ನು ಮುಂದಕ್ಕೆ ತಳ್ಳುವುದು. ಘರ್ಷಣೆ ಇಲ್ಲದಿದ್ದರೆ ಒತ್ತಿದ ಕಾಲು ಹಿಂದಕ್ಕೆ ಜಾರುತ್ತದೆಯೇ ಹೊರತು ಮೈ ಮುಂದಕ್ಕೆ ಹೋಗದು. ಕನ್ನಡಿಯಂಥ ನೆಲದ ಮೇಲೆ ಓಡಿ ಬಂದ ನಾಯಿ ನಿಲ್ಲಲಾರದೆ ಗೋಡೆಗೆ ಹೋಗಿ ಬಡಿಯುವುದನ್ನು ನೋಡಿ ಮಕ್ಕಳು ನಗುತ್ತಾರೆ. ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದು ನಗುವ ಸಂಗತಿಯಲ್ಲ.

ನಾಯಿಯ ಕಾಲಿನ ರಚನೆಯನ್ನು ಸ್ವಲ್ಪ ಗಮನಿಸೋಣ. ನಾವು ಇಡೀ ಅಂಗಾಲನ್ನು ಊರಿ ನಡೆಯುತ್ತೇವೆ. ನಾಯಿ ಬೆರಳುಗಳ ಮೇಲೆ ನಡೆಯುತ್ತದೆ. ಬೆರಳುಗಳ ಕೆಳಗಿನ ಮೆತ್ತೆಗಳೇ ಅದರ ಹಿಡಿತ. ಬೆಕ್ಕಿನಂತೆ ಅದು ಉಗುರನ್ನು ಒಳಕ್ಕೆ ಎಳೆದುಕೊಳ್ಳಲಾರದು. ಮಣ್ಣಿನ ನೆಲದಲ್ಲಿ ಓಡುವಾಗ ಆ ಉಗುರು ನೆಲಕ್ಕೆ ನಾಟಿ ಹಿಡಿತ ಕೊಡುತ್ತದೆ. ನಯವಾದ ಗಟ್ಟಿ ನೆಲದ ಮೇಲೆ ಉಗುರು ನಾಟುವುದಿಲ್ಲ. ಜಾರುತ್ತಿದ್ದೇನೆಂದು ಗಾಬರಿಗೊಂಡ ನಾಯಿ ಹುಟ್ಟುಗುಣದಂತೆ ಬೆರಳು ಮಡಚಿ ಉಗುರನ್ನು ಊರುತ್ತದೆ. ಆಗ ಮೆತ್ತೆಗಳು ನೆಲದಿಂದ ಮೇಲೇಳುತ್ತವೆ. ಇದ್ದ ಹಿಡಿತವೂ ತಪ್ಪುತ್ತದೆ. ಗೀರು ಬೀಳುವುದೂ ಬಹುಪಾಲು ಈ ಗಳಿಗೆಯಲ್ಲಿಯೇ. ಅಂದರೆ ಜಾರದ ನೆಲದಲ್ಲಿ ಗೀರೂ ಕಡಿಮೆ. ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡಿಕೊಳ್ಳದೆ ಬೆಳೆಯುವ ತೊಂದರೆ ಸಾಮಾನ್ಯ. ಅದು ಬಹುಮಟ್ಟಿಗೆ ವಂಶದಿಂದ ಬರುವಂಥದಾದರೂ ಮರಿ ಬೆಳೆಯುವ ಪರಿಸರಕ್ಕೂ ಅದರಲ್ಲಿ ಪಾಲಿದೆ. ನಾರ್ವೆಯ ಸಂಶೋಧಕರು ಲ್ಯಾಬ್ರಡಾರ್ ಮೊದಲಾದ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳು ತುಂಬುವುದಕ್ಕೆ ಮೊದಲೇ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಈ ತೊಂದರೆ ಹೆಚ್ಚಾಗಿಯೂ, ಮೆದುವಾದ ಏರುತಗ್ಗಿನ ನೆಲದಲ್ಲಿ ಸ್ವತಂತ್ರವಾಗಿ ಓಡಾಡಿದ ಮರಿಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಎಳೆಯ ಕೀಲುಗಳು ಎಂಥ ನೆಲದ ಮೇಲೆ ಬಲಿಯುತ್ತವೆ ಎಂಬುದು ಅಲಕ್ಷಿಸಬಹುದಾದ ವಿಷಯವಲ್ಲ ಎಂಬುದಕ್ಕೆ ಇಷ್ಟು ಸಾಕು. ಇನ್ನು ಮುದಿ ನಾಯಿಗಳ ಪಾಡನ್ನು ಹೇಳಲೇಬೇಕಿಲ್ಲ. ಸಂಧಿವಾತ ಬಂದ ಹಿಂಗಾಲು ಒಮ್ಮೆ ಅಗಲಕ್ಕೆ ಜಾರಿತೆಂದರೆ ಅದು ಮತ್ತೆ ಏಳುವುದಕ್ಕೇ ಅಂಜುತ್ತದೆ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಮೊದಲು ಹೇಳುವುದು ಮರದ ಗಡಸುತನವನ್ನು. ಅದನ್ನು ಅಳೆಯಲು ಜಾಂಕಾ ಪರೀಕ್ಷೆ ಎಂಬುದೊಂದಿದೆ. ಆಸ್ಟ್ರಿಯಾ ಮೂಲದ ಗೇಬ್ರಿಯಲ್ ಜಾಂಕಾ 1906ರಲ್ಲಿ ರೂಪಿಸಿದ ವಿಧಾನವಿದು. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಕ್ಕೆ ಅರ್ಧ ಹುದುಗುವಷ್ಟು ಒತ್ತಲು ಎಷ್ಟು ಬಲ ಬೇಕೋ ಅದೇ ಆ ಮರದ ಅಂಕ. ಅಮೆರಿಕದಲ್ಲಿ ಈ ಬಲವನ್ನು ಪೌಂಡುಗಳಲ್ಲಿ ಹೇಳುತ್ತಾರೆ. ಬಿಳಿ ಪೈನ್ ಮರಕ್ಕೆ 380, ವಾಲ್‌ನಟ್‌ಗೆ 1,010, ಕೆಂಪು ಓಕ್‌ಗೆ 1,290, ಬಿಳಿ ಓಕ್‌ಗೆ 1,360, ಗಟ್ಟಿ ಮೇಪಲ್‌ಗೆ 1,450, ಹಿಕರಿಗೆ 1,820. ನಮ್ಮ ತೇಗ 1,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ತೇಗದ ಹಿರಿಮೆ ಇರುವುದು ಗೆದ್ದಲಿಗೂ ನೀರಿಗೂ ಬಗ್ಗದ ಅದರ ಎಣ್ಣೆಯ ಗುಣದಲ್ಲಿ. ಗಡಸುತನದಲ್ಲಿ ಅದಕ್ಕೆ ಓಕ್‌ಗಿಂತ ಕಡಿಮೆ ಅಂಕ.

ಆದರೆ ಈ ಅಂಕವನ್ನು ಅರ್ಥಮಾಡಿಕೊಳ್ಳುವಾಗ ಎಚ್ಚರ ಬೇಕು. ಜಾಂಕಾ ಅಂಕ ಹೇಳುವುದು ಮರ ಎಷ್ಟು ಸುಲಭವಾಗಿ ತಗ್ಗು ಬೀಳುತ್ತದೆ ಎಂಬುದನ್ನು. ನಾಯಿಯ ಉಗುರು ಸಾಮಾನ್ಯವಾಗಿ ತಗ್ಗು ಮಾಡುವುದಿಲ್ಲ, ಗೀರುತ್ತದೆ. ಆ ಗೀರು ಮೊದಲು ಬೀಳುವುದು ಮರದ ಮೇಲಲ್ಲ, ಮರಕ್ಕೆ ಬಳಿದ ಪಾಲಿಶ್‌ನ ಮೇಲೆ. ಹಿಕರಿಯಂಥ ಗಟ್ಟಿ ಮರಕ್ಕೂ ಹೊಳೆಯುವ ಪಾಲಿಯುರಿಥೇನ್ ಬಳಿದಿದ್ದರೆ ಆರು ತಿಂಗಳಲ್ಲಿ ಬೆಳಕಿಗೆ ಅಡ್ಡಲಾಗಿ ನೋಡಿದಾಗ ಗೀರುಗಳು ಕಾಣುತ್ತವೆ. ಹೊಳಪು ಹೆಚ್ಚಿದಷ್ಟೂ ಗೀರು ಎದ್ದು ಕಾಣುತ್ತದೆ; ಮಾಸಲು ಮೈಯ ಪಾಲಿಶ್ ಅದನ್ನು ಮರೆಸುತ್ತದೆ.

ಇನ್ನೊಂದು ಸಂಗತಿಯೂ ನೀವು ಓದಿದ್ದೇ. ಖನಿಜಗಳ ಕಾಠಿಣ್ಯವನ್ನು ಹೇಳುವ ಮೋಸ್ ಮಾನದಲ್ಲಿ ನಮ್ಮ ಉಗುರಿನದು ಸುಮಾರು 2.5, ಮರಳಿನಲ್ಲಿರುವ ಕ್ವಾರ್ಟ್ಸ್‌ನದು 7. ನಾಯಿಯ ಉಗುರೂ ನಮ್ಮ ಉಗುರಿನಂತೆ ಕೆರಾಟಿನ್‌ನಿಂದಲೇ ಆದದ್ದು. ಹಾಗಿರುವಾಗ ಪಾಲಿಶ್ ಮೇಲಿನ ಸಣ್ಣ ಗೀರುಗಳಲ್ಲಿ ಉಗುರಿಗಿಂತ, ಪಂಜದಲ್ಲಿ ಅಂಟಿ ಒಳಬಂದ ಮರಳಿನ ಪಾತ್ರವೇ ದೊಡ್ಡದೆಂದು ಭಾವಿಸಲು ಕಾರಣವಿದೆ. ಅದನ್ನು ನಾಯಿಯೂ ತರುತ್ತದೆ, ನಮ್ಮ ಚಪ್ಪಲಿಯೂ ತರುತ್ತದೆ. ಬಾಗಿಲಲ್ಲಿ ಕಾಲು ಒರೆಸುವ ಒಂದು ಒರಟು ಮ್ಯಾಟು, ಹೊರಗೆ ತಿರುಗಿ ಬಂದ ನಾಯಿಯ ಪಂಜವನ್ನು ಒರೆಸಲು ಒಂದು ಬಟ್ಟೆ ಇಷ್ಟಿದ್ದರೆ ದುಬಾರಿ ಪಾಲಿಶ್ ಮಾಡುವ ಕೆಲಸದ ಅರ್ಧವನ್ನು ಅವೇ ಮಾಡುತ್ತವೆ.

“ಮರದ ನೆಲ” ಎಂದು ಅಂಗಡಿಯಲ್ಲಿ ಮೂರು ಬೇರೆಬೇರೆ ವಸ್ತುಗಳನ್ನು ತೋರಿಸುತ್ತಾರೆ. ಮೊದಲನೆಯದು ಇಡೀ ಮರದ ಹಲಗೆ. ಸಾಮಾನ್ಯವಾಗಿ ಮುಕ್ಕಾಲು ಅಂಗುಲ ದಪ್ಪ. ಹದಿನೈದು ಇಪ್ಪತ್ತು ವರ್ಷಗಳಾದ ಮೇಲೆ ಮೇಲ್ಮೈಯನ್ನು ಉಜ್ಜಿಸಿ ಹೊಸ ಪಾಲಿಶ್ ಬಳಿಸಬಹುದು. ಹೀಗೆ ಹಲವು ಸಲ ಮಾಡಬಹುದು. ಎರಡನೆಯದು ಎಂಜಿನಿಯರ್ಡ್ ವುಡ್. ಕೆಳಗೆ ಪ್ಲೈವುಡ್‌ನಂಥ ಪದರಗಳು, ಮೇಲೆ ಕೆಲವೇ ಮಿಲಿಮೀಟರ್ ನಿಜವಾದ ಮರ. ಹವೆಯ ಏರಿಳಿತಕ್ಕೆ ಇದು ಕಡಿಮೆ ಬಾಗುತ್ತದೆ. ಆದರೆ ಮೇಲಿನ ಪದರ ತೆಳುವಾಗಿದ್ದರೆ ಉಜ್ಜಿಸಲು ಬರುವುದಿಲ್ಲ. ಮೂರನೆಯದು ಲ್ಯಾಮಿನೇಟ್, ಒತ್ತಿ ಮಾಡಿದ ಮರದ ಪುಡಿಯ ಹಲಗೆಯ ಮೇಲೆ ಮರದ ಚಿತ್ರವಿರುವ ಕಾಗದ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳಿರುವುದರಿಂದ ಗೀರನ್ನು ಇದು ಚೆನ್ನಾಗಿ ತಾಳುತ್ತದೆ. ಅದಕ್ಕೇ “ನಾಯಿ ಇದೆಯೇ? ಲ್ಯಾಮಿನೇಟ್ ಹಾಕಿಸಿ” ಎಂದು ಅಂಗಡಿಯವರು ಹೇಳುವುದು. ಆದರೆ ನಯವಾದ ಲ್ಯಾಮಿನೇಟ್ ನಾಯಿಗೆ ಬಹಳ ಜಾರು. ಸಂದಿಯಲ್ಲಿ ನೀರೋ ಮೂತ್ರವೋ ಇಳಿದರೆ ಅಂಚು ಉಬ್ಬುತ್ತದೆ. ಉಬ್ಬಿದ ಹಲಗೆಯನ್ನು ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ. ಗೀರಿನ ಪರೀಕ್ಷೆಯಲ್ಲಿ ಪ್ರಥಮ ದರ್ಜೆ, ಜಾರಿನ ಪರೀಕ್ಷೆಯಲ್ಲಿ ಅನುತ್ತೀರ್ಣ ಎಂದು ಇದರ ಅಂಕಪಟ್ಟಿಯಲ್ಲಿ ಬರೆಯಬೇಕಾಗುತ್ತದೆ.

ಮರಕ್ಕೆ ಗೀರಿಗಿಂತ ದೊಡ್ಡ ಶತ್ರು ತೇವ. ಓಕ್‌ನಂಥ ಮರಗಳಲ್ಲಿ ಟ್ಯಾನಿನ್ ಇರುತ್ತದೆ. ನಾಯಿಯ ಮೂತ್ರ ಪಾಲಿಶ್ ದಾಟಿ ಮರಕ್ಕೆ ಇಳಿದರೆ ಕಪ್ಪು ಕಲೆ ನಿಲ್ಲುತ್ತದೆ. ಉಜ್ಜಿದರೂ ಹೋಗುವುದು ಕಷ್ಟ. ಆದ್ದರಿಂದ ಮರಿ ಇನ್ನೂ ಅಭ್ಯಾಸ ಕಲಿಯುತ್ತಿರುವಾಗ ಅಥವಾ ಮುದಿ ನಾಯಿಗೆ ಹಿಡಿತ ತಪ್ಪಿರುವಾಗ ಆ ಕೋಣೆಯಲ್ಲಿ ಮರ ಬೇಡ. ಹವೆಯ ತೇವವೂ ಮುಖ್ಯ. ಒಳಗಿನ ತೇವಾಂಶ ಶೇ. 30ರಿಂದ 50ರೊಳಗಿದ್ದರೆ ಮರಕ್ಕೆ ಸುಖ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಹವೆ ಒಣಗಿ ಹಲಗೆಗಳ ನಡುವೆ ಸಂದಿ ಬಿಡುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಅದೇ ಹಲಗೆ ಉಬ್ಬಿ ಅಂಚು ಏಳುತ್ತದೆ. ನಮ್ಮ ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಗೆ ಮತ್ತಿ, ಹೊನ್ನೆ, ಹೆಬ್ಬಲಸಿನ ಹಲಗೆ ಹಾಸುತ್ತಿದ್ದರು, ನಿಜ. ಆದರೆ ಅದು ನೆಲಕ್ಕೆ ತಾಗದೆ ಮೇಲಿತ್ತು, ಕೆಳಗಿನಿಂದ ಗಾಳಿ ಆಡುತ್ತಿತ್ತು, ಅದನ್ನು ದಿನವೂ ನೀರಿನಿಂದ ಯಾರೂ ಒರೆಸುತ್ತಿರಲಿಲ್ಲ.

ಒರೆಸುವ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆ ಬಕೆಟ್ಟು ನೀರಿಗೆ ಫಿನಾಯಿಲ್ ಹಾಕಿ ನೆಲ ಒರೆಸದಿದ್ದರೆ ಗೃಹಿಣಿಯರಿಗೆ ಸಮಾಧಾನವಿಲ್ಲ. ಅಮೆರಿಕದಲ್ಲಿ ಮರದ ನೆಲವನ್ನು ಒಣ ಬಟ್ಟೆಯಿಂದಲೋ ಹಿಂಡಿದ, ತುಸುವೇ ಒದ್ದೆಯಾದ ಬಟ್ಟೆಯಿಂದಲೋ ಒರೆಸಿ ಬಿಡುತ್ತಾರೆ. ನಮ್ಮ ಪದ್ಧತಿಯನ್ನು ಬಿಡಲಾಗದವರು ಮರದ ನೆಲ ಹಾಕಿಸಬಾರದು. ಫಿನಾಯಿಲ್ ಬಳಿದ ನೆಲ ಒಣಗುವ ಮೊದಲು ನಾಯಿ ಅದರ ಮೇಲೆ ಓಡಾಡಿ, ಆಮೇಲೆ ತನ್ನ ಪಂಜವನ್ನು ನೆಕ್ಕಿಕೊಳ್ಳುತ್ತದೆ ಎಂಬುದೂ ಗಮನದಲ್ಲಿರಲಿ. ನೆಲ ಯಾವುದೇ ಆಗಿರಲಿ, ಒರೆಸಿ ಪೂರ್ತಿ ಒಣಗಿದ ಮೇಲೆಯೇ ನಾಯಿಯನ್ನು ಒಳಗೆ ಬಿಡಬೇಕು.

ಇಷ್ಟು ಹೇಳಿದ ಮೇಲೆ ನ್ಯೂಜೆರ್ಸಿಯ ವಿದ್ಯಾರ್ಥಿಗೆ ನನ್ನ ಸಲಹೆ ಇದು. ಆ ಊರಿನಲ್ಲಿ ಓಕ್ ಒಳ್ಳೆಯ ಆಯ್ಕೆ. ಅದರ ಎಳೆಗಳು ಎದ್ದು ಕಾಣುವುದರಿಂದ ಗೀರುಗಳು ಅವುಗಳಲ್ಲಿ ಸೇರಿಹೋಗುತ್ತವೆ. ಹೊಳಪಿನ ಪಾಲಿಶ್ ಬೇಡ. ಮರದೊಳಕ್ಕೆ ಇಳಿಯುವ, ಮೇಣ ಬೆರೆಸಿದ ಎಣ್ಣೆಯ ಲೇಪ ಇರಲಿ. ಗೀರು ಬಿದ್ದ ಜಾಗಕ್ಕಷ್ಟೇ ಅದನ್ನು ಮತ್ತೆ ಹಚ್ಚಬಹುದು. ತಂತಿಯ ಬ್ರಷ್ಷಿನಿಂದ ಉಜ್ಜಿ ಮೈಯನ್ನು ತುಸು ಒರಟು ಮಾಡಿದ ಹಲಗೆಗಳೂ ಸಿಗುತ್ತವೆ. ಅವು ಕಾಲಿಗೆ ಹಿಡಿತ ಕೊಡುತ್ತವೆ. ನಾಯಿ ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಮೆಟ್ಟಿಲಿನ ಬುಡಕ್ಕೆ ರಬ್ಬರ್ ತಳದ ಉದ್ದನೆಯ ಹಾಸನ್ನು ಹಾಕಿಬಿಡು. ಮರದ ಹಾಸಿಗೆ ಸುರಿದ ಹಣದ ಹತ್ತರಲ್ಲಿ ಒಂದು ಪಾಲನ್ನೂ ಅದು ಬೇಡದು.

ಬೆಂಗಳೂರಿನಾಕೆಗೂ ಶಿವಮೊಗ್ಗದವನಿಗೂ ಬೇರೆ ಮಾತು. ನಮ್ಮಲ್ಲಿ ಮರದ ನೆಲದ ಆಸೆ ಹೊಸದು. ಅದಕ್ಕಿಂತ ವ್ಯಾಪಕವಾಗಿರುವುದು ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮತ್ತು ಗ್ರಾನೈಟು. ವಿಟ್ರಿಫೈಡ್ ಟೈಲು ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ. ಕಲೆ ನಿಲ್ಲದಿರುವುದಕ್ಕೆ ಅದೇ ಕಾರಣ. ಒಂದು ಹನಿ ನೀರು ಬಿದ್ದರೂ ಅದು ಮೇಲೆಯೇ ತೆಳುಪದರವಾಗಿ ನಿಂತು ಕಾಲು ಜಾರಿಸುವುದಕ್ಕೂ ಅದೇ ಕಾರಣ. ಟೈಲುಗಳ ಜಾರಿಕೆಯನ್ನು ಅಳೆಯುವ ಜರ್ಮನ್ ಪದ್ಧತಿಯೊಂದಿದೆ. ಎಣ್ಣೆ ಸವರಿದ ಟೈಲಿನ ಇಳಿಜಾರಿನ ಮೇಲೆ ಮನುಷ್ಯರನ್ನು ನಡೆಸಿ, ಇಳಿಜಾರನ್ನು ಮೆಲ್ಲಮೆಲ್ಲನೆ ಏರಿಸುತ್ತ, ಎಷ್ಟು ಡಿಗ್ರಿಗೆ ಕಾಲು ಜಾರಿತೆಂದು ನೋಡುತ್ತಾರೆ. 6ರಿಂದ 10 ಡಿಗ್ರಿಯವರೆಗೆ ನಿಂತದ್ದು ಆರ್9, 10ರಿಂದ 19ರವರೆಗೆ ಆರ್10, 19ರಿಂದ 27ರವರೆಗೆ ಆರ್11. ಆ ಪರೀಕ್ಷೆ ಬೂಟು ಹಾಕಿದ ಕಾಲಿಗೆ ಮಾಡಿದ್ದು, ನಾಯಿಯ ಪಂಜಕ್ಕಲ್ಲ. ಆದರೂ ಎರಡು ಟೈಲುಗಳನ್ನು ಹೋಲಿಸಿ ನೋಡಲು ಉಪಯುಕ್ತ. ಅಂಗಡಿಯಲ್ಲಿ ಬಣ್ಣ ಕೇಳುವ ಮೊದಲು ಈ ಅಂಕವನ್ನು ಕೇಳಿ. ನಾಯಿಯೂ ಹಿರಿಯರೂ ಓಡಾಡುವ ಕಡೆ ಮಾಸಲು ಮೈಯ, ಆರ್10 ಅಥವಾ ಅದಕ್ಕಿಂತ ಮೇಲಿನ ಟೈಲು ಇರಲಿ.

ಮೈಸೂರಿನಲ್ಲಿರುವ ನನ್ನ ತಮ್ಮನ ಮನೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅವನ ಮನೆಯ ಕಾವಿ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತೆಂದು, ಅದರ ಮೇಲೆಯೇ ಬಿಳಿಯ ಹೊಳಪಿನ ಟೈಲು ಹಾಕಿಸಿದ. ಅವನ ಮನೆಯಲ್ಲಿ ರಾಜ ಎಂಬ ಒಂಬತ್ತು ವರ್ಷದ ಲ್ಯಾಬ್ರಡಾರ್ ಇತ್ತು. ಅದು ನಡುಮನೆಯನ್ನು ದಾಟುವುದನ್ನೇ ಬಿಟ್ಟಿತು. ಹೊಸ್ತಿಲಲ್ಲಿ ನಿಂತು ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆಯುತ್ತಿತ್ತು. ಊಟದ ಬಟ್ಟಲು ಆಚೆ ಇದ್ದರೂ ಬರುತ್ತಿರಲಿಲ್ಲ. “ವಯಸ್ಸಾಯಿತು, ಸೋಮಾರಿಯಾಗಿದೆ” ಎಂದು ಮನೆಯವರು ತಿಳಿದರು. ನಾನು ಅಲ್ಲಿ ನಾಲ್ಕು ದಿನವಿದ್ದಾಗ ಇನ್ನೊಂದನ್ನೂ ಗಮನಿಸಿದೆ. ತಮ್ಮನ ಅತ್ತೆಯವರೂ ನಡುಮನೆಯ ಮಧ್ಯದಲ್ಲಿ ನಡೆಯುತ್ತಿರಲಿಲ್ಲ. ಗೋಡೆಗೆ ಕೈಯಾನಿಸಿಕೊಂಡು ಸುತ್ತಿ ಬರುತ್ತಿದ್ದರು. ನಾಯಿಗೆ ಮಾತು ಬಾರದು. ಹಿರಿಯರಿಗೆ ಅಳಿಯನ ಮನೆಯ ಹೊಸ ನೆಲವನ್ನು ದೂರುವ ಮನಸ್ಸು ಬಾರದು. ಇಬ್ಬರೂ ಒಂದೇ ದೂರನ್ನು ನಡಿಗೆಯಿಂದ ಹೇಳುತ್ತಿದ್ದರು. ರಬ್ಬರ್ ತಳದ ನಾರಿನ ಮ್ಯಾಟುಗಳನ್ನು ಸಾಲಾಗಿ ಹಾಸಿದ ದಿನವೇ ರಾಜ ನಡುಮನೆಯನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಬಂದು ಕುಳಿತಿತು. ಅತ್ತೆಯವರೂ ಅದೇ ಸಾಲಿನ ಮೇಲೆ ನಡೆಯತೊಡಗಿದರು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಸಗಣಿ ಸಾರಿಸಿದ ನೆಲ ನಾಯಿಯ ಕಾಲಿಗೆ ಎಷ್ಟೇ ಹಿತವಾಗಿರಲಿ, ಅದನ್ನು ವಾರವಾರ ಸಾರಿಸಿದ ನಮ್ಮ ತಾಯಂದಿರ ಬೆನ್ನಿಗೆ ಹಿತವಾಗಿರಲಿಲ್ಲ. ಕಾವಿ ನೆಲವೂ ಎಣ್ಣೆ, ನೀರು ಬಿದ್ದಾಗ ಜಾರುತ್ತಿತ್ತು. ಆದರೆ ನಮ್ಮದೇ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ನೆರೆಯ ಆಂಧ್ರದ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇವುಗಳನ್ನು ಕನ್ನಡಿಯಂತೆ ಪಾಲಿಶ್ ಮಾಡಿಸದೆ ಹದವಾಗಿ ಉಜ್ಜಿಸಿ ಹಾಸಿದರೆ ಇಂದಿಗೂ ಅವುಗಳಿಗೆ ಸಮನಾದದ್ದು ಕಡಿಮೆ. ಉಗುರಿನ ಗೀರು ಅವುಗಳಲ್ಲಿ ಎದ್ದು ಕಾಣದು, ಮೂತ್ರ ಬಿದ್ದರೆ ಕೂಡಲೇ ತೊಳೆಯಬಹುದು, ಬೇಸಿಗೆಯಲ್ಲಿ ತಂಪಾಗಿರುತ್ತವೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೂ ತಂಪಾದ ನೆಲಕ್ಕೆ ಹೊಟ್ಟೆಯಾನಿಸಿಯೂ ಕಾವನ್ನು ಇಳಿಸಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಸದಾ ಮಲಗಿದರೆ ಮೊಣಕೈಯ ಚರ್ಮ ಜಡ್ಡುಗಟ್ಟುವುದರಿಂದ ಪಕ್ಕದಲ್ಲೊಂದು ಹಾಸಿಗೆಯೂ ಇರಬೇಕು. ಶಿವಮೊಗ್ಗದವನಿಗೆ ನನ್ನ ಸಲಹೆ ಈ ಕಲ್ಲುಗಳೇ. ಬೆಂಗಳೂರಿನಾಕೆ ತನ್ನ ಒಂದು ಕೋಣೆಗೆ ಮರ ಬೇಕೇಬೇಕೆಂದರೆ ದಪ್ಪ ಮೇಲ್ಪದರದ ಎಂಜಿನಿಯರ್ಡ್ ವುಡ್ ಹಾಕಿಸಲಿ. ಆದರೆ ಒದ್ದೆ ಬಟ್ಟೆಗೆ ಆ ಕೋಣೆಯಲ್ಲಿ ಪ್ರವೇಶವಿಲ್ಲ ಎಂದು ಕೆಲಸದವರಿಗೆ ಮೊದಲೇ ಹೇಳಿಡಲಿ.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳು ಬರುತ್ತವೆ, ಬರಲಿ. ಒರಟು ಮೈಯ ನೆಲದಲ್ಲಿ ಕೊಳೆ ನಿಲ್ಲುತ್ತದೆ, ಒರೆಸುವುದು ಕಷ್ಟ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಹೊಳಪಿನ ನೆಲ ಐದು ನಿಮಿಷದಲ್ಲಿ ಒರೆಸಿ ಮುಗಿದರೆ ಒರಟು ನೆಲಕ್ಕೆ ಹತ್ತು ನಿಮಿಷ ಬೇಕಾದೀತು. ಆ ಐದು ನಿಮಿಷಗಳ ಶ್ರಮ ಮನೆಯ ಹೆಂಗಸರ ಅಥವಾ ಕೆಲಸದಾಕೆಯ ಪಾಲಿಗೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ನೆಲವನ್ನು ಆರಿಸುವವರು ಒರೆಸುವ ಪಾಳಿಯಲ್ಲಿಯೂ ಸೇರಿಕೊಳ್ಳಬೇಕು.

ಎರಡನೆಯ ಆಕ್ಷೇಪ ಇನ್ನೂ ಬಲವಾದುದು. “ಮೇಷ್ಟ್ರೇ, ನಾಯಿ ಬದುಕುವುದು ಹತ್ತು ಹನ್ನೆರಡು ವರ್ಷ. ನೆಲ ಮೂವತ್ತು ವರ್ಷ ಇರಬೇಕು. ಹತ್ತು ವರ್ಷದ ಅತಿಥಿಗಾಗಿ ಮೂವತ್ತು ವರ್ಷದ ನೆಲವನ್ನು ಆರಿಸುವುದೇ?” ಎಂದು ನ್ಯೂಜೆರ್ಸಿಯವನೇ ಕೇಳಿದ. ಲೆಕ್ಕ ಸರಿಯಾಗಿದೆ, ಆದರೆ ಅವನು ಅದನ್ನು ಪೂರ್ತಿ ಮಾಡಿಲ್ಲ. ಅವನಿಗೆ ಈಗ ನಲವತ್ತೈದು. ಅವನ ತಾಯಿ ವರ್ಷದಲ್ಲಿ ಆರು ತಿಂಗಳು ಅವನ ಮನೆಯಲ್ಲಿರುತ್ತಾರೆ, ಅವರಿಗೆ ಎಪ್ಪತ್ತೆರಡು. ಮೂವತ್ತು ವರ್ಷವಾದಾಗ ಆ ನೆಲದ ಮೇಲೆ ನಡೆಯುವ ಮುದುಕ ಅವನೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ. ಹಾಗೆ ಸಾಯುವವರಲ್ಲಿ ಅರವತ್ತು ದಾಟಿದವರ ಪ್ರಮಾಣ ಎಲ್ಲಕ್ಕಿಂತ ಹೆಚ್ಚು. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರನ್ನು ನಿಮ್ಮಲ್ಲಿ ನೋಡದವರು ಯಾರೂ ಇರಲಾರರು. ನಾಯಿಯ ಹೆಸರಿನಲ್ಲಿ ಆರಿಸಿದ ಜಾರದ ನೆಲ ಮೊದಲು ನಾಯಿಯನ್ನು ಕಾಯುತ್ತದೆ, ಆಮೇಲೆ ತಾಯಿಯನ್ನು, ಕೊನೆಗೆ ನಿಮ್ಮನ್ನು.

ಅದೂ ಅಲ್ಲದೆ, ನಾಯಿಯನ್ನು ಬರಿಯ ಅತಿಥಿಯೆಂದು ಎಣಿಸುವುದು ನಮ್ಮ ನಾಡಿನ ಪರಂಪರೆಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಶಾಸನವನ್ನು ಕೆಲವರಾದರೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ಕಾಳಿ ಎಂಬ ಬೇಟೆನಾಯಿಗಾಗಿ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಅದು. ಗಂಗರ ಬೂತುಗ ಅವನಿಗೆ ಮೆಚ್ಚಿ ಕೊಟ್ಟಿದ್ದ ನಾಯಿ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಗಳ ಹಿಂದೆ ನಾಯಿಗಾಗಿ ಕಲ್ಲು ನಿಲ್ಲಿಸಿದ ನಾಡಿನವರು ನಾವು. ನಾಯಿ ನಿಲ್ಲಬಲ್ಲ ಕಲ್ಲನ್ನು ಹಾಸುವುದು ನಮ್ಮಿಂದ ಆಗದ ಕೆಲಸವೇನೂ ಅಲ್ಲ.

ಈಗಾಗಲೇ ಹೊಳಪಿನ ನೆಲ ಹಾಕಿಸಿಕೊಂಡಿರುವವರು ಅದನ್ನು ಕೀಳಿಸಬೇಕಾಗಿಲ್ಲ. ನಾಯಿಯ ಉಗುರನ್ನು ಕಾಲಕಾಲಕ್ಕೆ ಕತ್ತರಿಸಿ. ನಡೆಯುವಾಗ ಟಕಟಕ ಸದ್ದು ಬಂದರೆ ಉಗುರು ಉದ್ದವಾಗಿದೆ ಎಂದೇ ಅರ್ಥ. ಮೆತ್ತೆಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಿ; ಅದು ಕಾಲುಚೀಲ ಹಾಕಿದಂತೆ ಜಾರಿಸುತ್ತದೆ. ನಾಯಿ ನಡೆಯುವ ದಾರಿಯನ್ನು ಎರಡು ದಿನ ಗಮನಿಸಿ, ಅಲ್ಲಿಗಷ್ಟೇ ರಬ್ಬರ್ ತಳದ ಮ್ಯಾಟು ಹಾಕಿ. ಜಮಖಾನ, ಚಾಪೆಗಳು ತಾವೇ ಜಾರುವುದರಿಂದ ಅವು ಬೇಡ. ಚೆಂಡೆಸೆಯುವ ಆಟವೆಲ್ಲ ಅಂಗಳದಲ್ಲಿ ಇರಲಿ. ನಾಯಿ ನಡೆಯಲು ಹಿಂಜರಿದರೆ ಗದರಿಸಬೇಡಿ. ಮೊದಲು ನೆಲವನ್ನು ನೋಡಿ, ಆಮೇಲೆ ಪಶುವೈದ್ಯರಿಗೆ ತೋರಿಸಿ.

ಹೊಸದಾಗಿ ಹಾಕಿಸುವವರಿಗೆ ಒಂದು ಮನೆಗೆಲಸ ಕೊಡುತ್ತೇನೆ. ಅಂಗಡಿಯಿಂದ ನಾಲ್ಕೈದು ಮಾದರಿ ಹಲಗೆಗಳನ್ನೋ ಟೈಲುಗಳನ್ನೋ ಮನೆಗೆ ತನ್ನಿ. ಗೋಡೆಗೆ ಒರಗಿಸಿ ಬಣ್ಣ ನೋಡಬೇಡಿ. ನೆಲದ ಮೇಲೆ ಒತ್ತಾಗಿ, ಅಲುಗದಂತೆ ಹಾಸಿ, ಸ್ವಲ್ಪ ನೀರು ಚಿಮುಕಿಸಿ. ಮೊದಲು ನೀವು ಬರಿಗಾಲಲ್ಲಿ ನಡೆಯಿರಿ. ಆಮೇಲೆ ಮನೆಯ ಹಿರಿಯರನ್ನು ಕೈಹಿಡಿದು ನಡೆಸಿ. ಕೊನೆಗೆ ನಾಯಿಯನ್ನು ಕರೆಯಿರಿ. ಅದು ಯಾವುದರ ಮೇಲೆ ಹಿಂಜರಿಯದೆ ಬಂದು ನಿಮ್ಮ ಮುಂದೆ ನಿಲ್ಲುವುದೋ ಆ ಮಾದರಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಣ್ಣದ ಚರ್ಚೆ ಅದರ ನಂತರ ನಡೆಯಲಿ.